ಚೂರಿಯ ವಿದ್ಯೆಯೂ ಕಾಲಿನ ವಿದ್ಯೆಯೂ

ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಎಂಬ ನಾಲ್ಕು ಸೀಮೆಗಳಲ್ಲಿ ಸಂಚರಿಸಿದವರು ವೀರಗಲ್ಲುಗಳನ್ನು ಕಾಣದೆ ಹಿಂದಿರುಗುವುದು ದುರ್ಲಭ. ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಬದಿಯಲ್ಲಿ, ಊರ ಅಗಸೆಯ ಪಕ್ಕದಲ್ಲಿ ಅವು ನಿಂತಿರುತ್ತವೆ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ದೇವಕನ್ನಿಕೆಯರು, ಮೇಲಣ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ. ಇದು ಅವುಗಳ ವಾಡಿಕೆಯ ಕ್ರಮ. ಹೊಯ್ಸಳ ವೀರಬಲ್ಲಾಳನು ಕ್ರಿ. ಶ. ೧೧೯೬ರಲ್ಲಿ ಹಾನಗಲ್ಲಿನ ಆನೆಕೆರೆಯ ಬಳಿ ಪಾಳೆಯವನ್ನು ಹೂಡಿ ಊರನ್ನು ಮುತ್ತಿದನು. ಕದಂಬ ಕಾಮದೇವನ ದಂಡನಾಯಕನು ಆ ಮುತ್ತಿಗೆಯನ್ನು ಆ ಸಲಕ್ಕೆ ಹಿಮ್ಮೆಟ್ಟಿಸಿ ತಾನು ಮಡಿದನು. ಈ ಸಂಗತಿಯನ್ನು ನಮಗೆ ತಿಳಿಸಿಕೊಟ್ಟದ್ದೂ ಹಾನಗಲ್ಲಿನ ಒಂದು ವೀರಗಲ್ಲೇ.

ಆದರೆ ಕಲ್ಲು ಹೇಳುವುದು ವೀರನ ಮರಣವನ್ನು, ಅವನ ವಿದ್ಯೆಯನ್ನಲ್ಲ. ಶಿಲ್ಪಿಯು ಹಿಡಿದಿಟ್ಟಿರುವುದು ಒಂದು ಕ್ಷಣವನ್ನು ಮಾತ್ರ. ಆ ಕ್ಷಣದ ಹಿಂದಣ ಹೆಜ್ಜೆ ಯಾವುದು, ಮುಂದಣ ಹೆಜ್ಜೆ ಯಾವುದು, ಕಿರಿದಾದ ಸುರಿಗೆಯೊಂದನ್ನು ಹಿಡಿದ ಆಳು ತನ್ನ ಕಾಲುಗಳನ್ನು ಹೇಗೆ ಇರಿಸುತ್ತಿದ್ದನು, ಎಷ್ಟು ಅಂತರದಲ್ಲಿ ನಿಲ್ಲುತ್ತಿದ್ದನು ಎಂಬ ಪ್ರಶ್ನೆಗಳಿಗೆ ಕಲ್ಲು ಉತ್ತರ ಕೊಡುವುದಿಲ್ಲ.

ಈ ಪ್ರಶ್ನೆಗಳನ್ನೇ ಬೇರೆ ದೇಶಗಳವರೂ ಕೇಳಿಕೊಂಡಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಕೆಲವು ಅಭ್ಯಾಸಿಗಳು ಸ್ಪೇನಿನ ಚೂರಿವಿದ್ಯೆಯನ್ನೂ ಫ್ರಾನ್ಸಿನ ಒದೆತದ ವಿದ್ಯೆಯನ್ನೂ ಒಂದುಗೂಡಿಸಿ ಸಾಧನೆ ಮಾಡುವುದುಂಟು. ಅದರ ಚಿತ್ರಗಳನ್ನು ನೋಡಿದ ನಮ್ಮ ತರುಣರಿಗೂ ಕುತೂಹಲ ಹುಟ್ಟುವುದು ಸಹಜ. ಆ ವಿದ್ಯೆಗಳ ಸ್ವರೂಪವೇನು, ಅವೆರಡನ್ನೂ ಕೂಡಿಸುವುದರಿಂದ ಒದಗುವ ಪ್ರಯೋಜನವೇನು, ಅವಕ್ಕೆ ಹೋಲುವಂಥದು ನಮ್ಮ ನಾಡಿನಲ್ಲಿ ಏನಿದೆ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ಸ್ಪೇನಿನ ಮಾತು. ಅಲ್ಲಿನ ಮಡಿಸುವ ಚೂರಿಗೆ 'ನವಾಹ' ಎಂದು ಹೆಸರು. ಕ್ಷೌರದ ಕತ್ತಿಯನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಈ ಹೆಸರು ಬಂದಿದೆ. ಅಲಗು ಹಿಡಿಯೊಳಗೆ ಮಡಿಸಿಕೊಂಡಿರುವುದು. ಬಿಚ್ಚಿದಾಗ ಕಬ್ಬಿಣದ ಕಟ್ಟೊಂದು ಅದನ್ನು ನೆಟ್ಟಗೆ ನಿಲ್ಲಿಸುವುದು. ಹಲವು ನವಾಹಗಳಲ್ಲಿ ಬಿಚ್ಚುವಾಗ ಕಟಕಟನೆ ಸದ್ದಾಗುವಂತೆ ಹಲ್ಲುಗಳನ್ನು ಕೊರೆದಿರುತ್ತಾರೆ. ಆಲ್ಬಸೆಟೆ ಎಂಬ ಪಟ್ಟಣವು ಈ ಚೂರಿಗಳ ತಯಾರಿಕೆಗೆ ಪ್ರಸಿದ್ಧವಾದುದು. ಉದ್ದವಾದ ಖಡ್ಗವು ಕುಲೀನರ ಆಯುಧವಾಗಿದ್ದರೆ, ನವಾಹವು ಗಾಡಿ ಹೊಡೆಯುವವನ, ನಾವಿಕನ, ಕೂಲಿಕಾರನ ಸಾಧನವಾಗಿತ್ತು. ರೊಟ್ಟಿಯನ್ನು ಕೊಯ್ಯುವುದೂ ಅದರಿಂದಲೇ, ಜಗಳವನ್ನು ತೀರಿಸಿಕೊಳ್ಳುವುದೂ ಅದರಿಂದಲೇ.

ಕ್ರಿ. ಶ. ೧೮೪೯ರಲ್ಲಿ ಮ್ಯಾಡ್ರಿಡ್ ನಗರದಲ್ಲಿ 'ಮಾನ್ಯುಅಲ್ ದೆಲ್ ಬರಾತೆರೊ' ಎಂಬ ಕಿರುಪುಸ್ತಕವೊಂದು ಅಚ್ಚಾಯಿತು. 'ಬರಾತೆರೊ' ಎಂದರೆ ಜೂಜಾಡುವವರ ಬಳಿ ನಿಂತು, ಗೆದ್ದವರಿಂದ ಬಲಾತ್ಕಾರವಾಗಿ ಪಾಲು ವಸೂಲುಮಾಡುವ ಪುಂಡ. ಅಂಥವನ ಹೆಸರಿನಲ್ಲಿ ಪುಸ್ತಕ ಹೊರಟಿತೆಂಬುದರಿಂದಲೇ ಆ ವಿದ್ಯೆ ಯಾರ ಕೈಯಲ್ಲಿತ್ತೆಂಬುದು ವ್ಯಕ್ತವಾಗುತ್ತದೆ. ನವಾಹವನ್ನೂ ಸಾಮಾನ್ಯ ಚೂರಿಯನ್ನೂ ಜಿಪ್ಸಿಗಳ ಕತ್ತರಿಯನ್ನೂ ಹಿಡಿದು ಕಾದುವ ಬಗೆಯನ್ನು ಅದು ವಿವರಿಸುತ್ತದೆ: ನಿಲುವು ಹೇಗಿರಬೇಕು, ಸುತ್ತುವರಿದು ಹೆಜ್ಜೆಯಿಡುವುದು ಹೇಗೆ, ಎಡಗೈಗೆ ಮೇಲುಹೊದಿಕೆಯನ್ನು ಸುತ್ತಿಕೊಂಡು ಗುರಾಣಿಯಂತೆ ಬಳಸುವುದು ಹೇಗೆ, ಟೊಪ್ಪಿಗೆಯಿಂದ ಎದುರಾಳಿಯ ಕಣ್ಣನ್ನು ಮರೆಸುವುದು ಹೇಗೆ. ವಿದ್ಯೆಯ ಕ್ರಮವೆಲ್ಲ ಅದರಲ್ಲಿದೆ. ಆದರೆ ಆ ಬೀದಿಯ ಕಾಳಗವನ್ನು ನಿಲ್ಲಿಸತಕ್ಕವನು ಯಾರೆಂಬ ಪ್ರಶ್ನೆಗೆ ಮಾತ್ರ ಬೀದಿಯಲ್ಲಿ ಉತ್ತರವಿರಲಿಲ್ಲ. ಈ ಮಾತನ್ನು ಮುಂದಕ್ಕಾಗಿ ನೆನಪಿನಲ್ಲಿಡಬೇಕು.

ಇನ್ನು ಫ್ರಾನ್ಸಿನದು. 'ಸವಾತ್' ಎಂದರೆ ಸವೆದ ಹಳೆಯ ಪಾದರಕ್ಷೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಪುಂಡರು ಜೋಡು ಮೆಟ್ಟಿದ ಕಾಲಿನಿಂದಲೇ ಎದುರಾಳಿಯ ಮೊಳಕಾಲಿಗೂ ಕಣಕಾಲಿಗೂ ಒದೆಯುತ್ತಿದ್ದುದರಿಂದ ಈ ಹೆಸರು ಸಂದಿತು. ಮಾರ್ಸೇಲ್ ರೇವಿನ ನಾವಿಕರಲ್ಲಿ ಕಾಲನ್ನು ಎತ್ತರಕ್ಕೆ ಬೀಸುವ ಮತ್ತೊಂದು ಪದ್ಧತಿಯಿತ್ತು. ಕ್ರಿ. ಶ. ೧೮೨೫ರಲ್ಲಿ ಮಿಶೆಲ್ ಕಾಸೊ ಎಂಬುವನು ಪ್ಯಾರಿಸ್ಸಿನಲ್ಲಿ ಶಾಲೆಯೊಂದನ್ನು ತೆರೆದು ಈ ಬೀದಿಯ ಜಗಳಕ್ಕೆ ಕಟ್ಟುಪಾಡುಗಳನ್ನು ವಿಧಿಸಿದನು. ತಲೆಯಿಂದ ಹಾಯುವುದು ಸಲ್ಲದು, ಕಣ್ಣಿಗೆ ಬೆರಳಿಡುವುದು ಸಲ್ಲದು, ತಬ್ಬಿ ಹಿಡಿಯುವುದು ಸಲ್ಲದು ಎಂಬ ನಿಯಮಗಳು ಬಂದುವು. ೧೮೩೦ರ ದಶಕದಲ್ಲಿ ಚಾರ್ಲ್ಸ್ ಲೆಕೂರ್ ಎಂಬ ಮತ್ತೊಬ್ಬ ಗುರುವು ಇಂಗ್ಲಿಷ್ ಮುಷ್ಟಿಮಲ್ಲನಾದ ಓವೆನ್ ಸ್ವಿಫ್ಟ್ ಎಂಬುವನ ಎದುರಿಗೆ ತನ್ನ ಕೈಗಳ ದೌರ್ಬಲ್ಯವನ್ನು ಕಂಡುಕೊಂಡು, ಇಂಗ್ಲಿಷರ ಮುಷ್ಟಿವಿದ್ಯೆಯನ್ನು ಅಭ್ಯಾಸಮಾಡಿ ಅದನ್ನು ಒದೆತದೊಡನೆ ಬೆರೆಸಿದನು. ಹೀಗೆ ಹುಟ್ಟಿದುದೇ ಫ್ರೆಂಚ್ ಬಾಕ್ಸಿಂಗ್. ಕ್ರಿ. ಶ. ೧೯೨೪ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕ್ರೀಡೆಗಳಲ್ಲಿ ಅದರ ಪ್ರದರ್ಶನವೂ ನಡೆಯಿತು. ಇಂದಿಗೂ ಅದನ್ನು ಪಾದರಕ್ಷೆ ತೊಟ್ಟೇ ಆಡುತ್ತಾರೆ. ಅದರ ಸ್ಪರ್ಧೆಗಳಲ್ಲಿ 'ಅಸೋ' ಎಂಬ ಒಂದು ಬಗೆಯುಂಟು; ಅದರಲ್ಲಿ ಎದುರಾಳಿಯನ್ನು ಮುಟ್ಟಿದರೆ ಸಾಕು, ಬಲವಾಗಿ ಹೊಡೆದರೆ ಅದೇ ತಪ್ಪು.

ಈ ಎರಡು ವಿದ್ಯೆಗಳನ್ನು ಕೂಡಿಸುವುದರ ಅರ್ಥವೇನು? ಇದು ಕೇವಲ ಅಂತರದ ಲೆಕ್ಕ. ಮನುಷ್ಯನ ಕಾಲು ಅವನ ತೋಳಿಗಿಂತ ಉದ್ದವಾದುದು, ಬಲವಾದುದು. ಎದುರಾಳಿಯ ಕೈಯಲ್ಲಿ ಗೇಣುದ್ದದ ಅಲಗಿದ್ದರೆ ಅವನ ತೋಳಿನ ಅಳವೂ ಅಷ್ಟು ಹೆಚ್ಚುವುದು. ಆಗ ಅವನನ್ನು ದೂರದಲ್ಲಿಯೇ ತಡೆಯಬಲ್ಲ ಅಂಗವೆಂದರೆ ಕಾಲೊಂದೇ. ಆದ್ದರಿಂದ ಚೂರಿಯು ಮೇಲ್ಭಾಗವನ್ನು ಕಾಯುತ್ತಿರುವಾಗ ಕಾಲು ಕೆಳಗಿನಿಂದ ಎದುರಾಳಿಯ ಮುಂಗಾಲನ್ನು ತಡೆದು ಅವನ ನಡೆಯನ್ನು ಮುರಿಯಬೇಕು. ಒಂದು ಕಣ್ಣಿಗೆ ಎರಡು ಕಡೆಯ ಕಾವಲು ಕಷ್ಟ. ಕೈಯನ್ನು ನೋಡುವವನು ಕಾಲನ್ನು ಮರೆಯುವನು, ಕಾಲನ್ನು ನೋಡುವವನು ಕೈಯನ್ನು ಮರೆಯುವನು. ಈ ಸಂಯೋಗದ ತಿರುಳು ಇಷ್ಟೇ.

ಆದರೆ ಎತ್ತಿದ ಕಾಲು ಸಾಲದಂತೆ. ಅದನ್ನು ಕೂಡಲೆ ತೀರಿಸದಿದ್ದರೆ ಬಡ್ಡಿ ಬೆಳೆಯುವುದು. ಒಂದು ಕಾಲನ್ನು ಎತ್ತಿದವನು ಮತ್ತೊಂದು ಕಾಲಿನ ಮೇಲೆ ನಿಂತಿರುತ್ತಾನೆ; ಆ ಕ್ಷಣದಲ್ಲಿ ಹಿಂದೆ ಸರಿಯಲಾರನು, ಪಕ್ಕಕ್ಕೆ ತಿರುಗಲಾರನು. ಬರಿಗೈಯ ಎದುರಾಳಿಯ ಮುಂದೆ ಕಾಲನ್ನು ತಲೆಯ ಎತ್ತರಕ್ಕೆ ಬೀಸುವುದು ನೋಡಲು ಚೆಂದ. ಅಲಗು ಹಿಡಿದವನ ಮುಂದೆ ಹಾಗೆ ಮಾಡಿದರೆ ತೊಡೆಯನ್ನು ಅವನಿಗೆ ಒಪ್ಪಿಸಿದಂತೆಯೇ ಸರಿ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳ ಹರಿಯುತ್ತದೆ. ಅಲ್ಲಿ ತಗುಲಿದ ಗಾಯವು ಕೆಲವು ನಿಮಿಷಗಳಲ್ಲಿಯೇ ಪ್ರಾಣವನ್ನು ತೆಗೆಯಬಲ್ಲದು. ಆದಕಾರಣ ತಿಳಿದ ಗುರುಗಳು ಈ ಅಭ್ಯಾಸದಲ್ಲಿ ಎತ್ತರದ ಒದೆತಗಳನ್ನು ಬಿಟ್ಟು, ಮೊಳಕಾಲಿನಿಂದ ಕೆಳಗಿನ ಗಿಡ್ಡ ಒದೆತಗಳನ್ನು ಮಾತ್ರ ಇರಿಸಿಕೊಳ್ಳುತ್ತಾರೆ. ಅವರು ಬಹುಕಾಲ ಕಲಿಸುವುದು ಒದೆಯುವುದನ್ನಲ್ಲ, ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನು.

ಇಂಥ ಅಭ್ಯಾಸವು ಮರದ ಅಥವಾ ರಬ್ಬರಿನ ಚೂರಿಯಿಂದ ನಡೆಯತಕ್ಕದ್ದು. ಅದರ ಅಂಚಿಗೆ ಸೀಮೆಸುಣ್ಣವನ್ನು ಬಳಿದು, ಇಬ್ಬರಿಗೂ ಕಪ್ಪು ಅಂಗಿಯನ್ನು ತೊಡಿಸಿ ಆಡಿಸುವ ಒಂದು ಪರೀಕ್ಷೆಯುಂಟು. ಆಟ ಮುಗಿದ ಮೇಲೆ ಅಂಗಿಗಳನ್ನು ನೋಡಿದರೆ ಗೆದ್ದವನ ಮೈಮೇಲೂ ಸುಣ್ಣದ ಗೆರೆಗಳಿರುವುದು ಸಾಮಾನ್ಯ. ಕೈಯ ಮೇಲೊಂದು, ಮುಂದೋಳಿನ ಮೇಲೆರಡು, ಕೆಲವೊಮ್ಮೆ ಕೊರಳಿನ ಪಕ್ಕದಲ್ಲಿಯೇ ಒಂದು. ಕುಸ್ತಿಯಲ್ಲಿ ಗೆದ್ದವನೂ ಸೋತವನೂ ಬೇರೆ ಬೇರೆ. ಚೂರಿಯಲ್ಲಿ ಹಲವು ವೇಳೆ ಇಬ್ಬರೂ ಸೋತವರೇ. ಈ ಸತ್ಯವನ್ನು ಸುಣ್ಣವು ನೋವಿಲ್ಲದೆ ಕಲಿಸುತ್ತದೆ, ಉಕ್ಕು ಪ್ರಾಣವನ್ನು ತೆಗೆದುಕೊಂಡು ಕಲಿಸುತ್ತದೆ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜ್ಯವಾಳಿದವನು. ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಸಾಮಂತರಾಗಿದ್ದರು. ಆದ್ದರಿಂದ ಇದು ಈ ಸೀಮೆಯ ಚಕ್ರವರ್ತಿಯ ಮಾತೇ ಆಯಿತು. ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಎಣಿಸುವಾಗ ಮಲ್ಲವಿನೋದವನ್ನೂ ಅಂಕವಿನೋದವನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾನೆ. ಮಲ್ಲವಿನೋದವೆಂದರೆ ಬರಿಗೈಯ ಕುಸ್ತಿ. ಅಂಕವಿನೋದವೆಂದರೆ ಆಯುಧ ಹಿಡಿದ ಇಬ್ಬರು ಆಳುಗಳ ದ್ವಂದ್ವ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರವನ್ನೂ ವ್ಯಾಯಾಮವನ್ನೂ ಅವನು ಹೇಳಿದ್ದಾನೆ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಸರಿಸಮಾನರನ್ನೇ ಎದುರುಬದುರು ನಿಲ್ಲಿಸಬೇಕೆಂಬ ನ್ಯಾಯಬುದ್ಧಿ ಈ ನೆಲದಲ್ಲಿ ಶಾಸ್ತ್ರವಾಗಿತ್ತೆಂಬುದು ಗಮನಿಸತಕ್ಕ ಸಂಗತಿ.

ವಿಜಯನಗರದ ಕಾಲದಲ್ಲಿ ಈ ಕಟ್ಟುಪಾಡು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕನಾದ ನೂನಿಜನು ಎರಡು ಸಂಗತಿಗಳನ್ನು ಬರೆದಿಟ್ಟಿದ್ದಾನೆ. ಮಹಾನವಮಿಯ ಉತ್ಸವದಲ್ಲಿ ಜಟ್ಟಿಗಳು ಮೊನೆಗಳುಳ್ಳ ಬಳೆಯಂಥ ಸಾಧನಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರೆಂಬುದು ಮೊದಲನೆಯದು. ದ್ವಂದ್ವಯುದ್ಧ ಮಾಡುವವರಿಗೆ ಅಲ್ಲಿ ಬಹಳ ಗೌರವವಿದ್ದರೂ ಮಂತ್ರಿಯ ಅಪ್ಪಣೆಯನ್ನು ಮುಂದಾಗಿ ಪಡೆಯದೆ ಯಾರೂ ಕಾದುತ್ತಿರಲಿಲ್ಲವೆಂಬುದು ಎರಡನೆಯದು. ಅಂದರೆ ಇಬ್ಬರ ವೈರವು ಇಬ್ಬರ ಸ್ವಂತ ವಿಷಯವಾಗಿರಲಿಲ್ಲ. ಅದರ ಮೇಲೆ ಮೂರನೆಯವನೊಬ್ಬನ ಕಣ್ಣಿತ್ತು.

ಆ ಮೊನೆಯ ಆಯುಧವು ಮೈಸೂರಿನಲ್ಲಿ ವಜ್ರಮುಷ್ಟಿ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಹಿಂದೆ ದಂತದಿಂದಲೂ ಈಗ ಕೊಂಬಿನಿಂದಲೂ ಮಾಡಿದ ಈ ಸಾಧನವನ್ನು ಜಟ್ಟಿಯು ಬಲಗೈಯ ಬೆರಳುಗಳಿಗೆ ತೊಡುತ್ತಾನೆ. ಗೆಣ್ಣುಗಳ ಮೇಲೆ ಅದರ ಮೊನೆಗಳು ಎದ್ದಿರುತ್ತವೆ. ವಿಜಯದಶಮಿಯ ದಿವಸ ಅರಮನೆಯ ತೊಟ್ಟಿಯಲ್ಲಿ ರಾಜವಂಶದವರ ಸಮ್ಮುಖದಲ್ಲಿ ಈ ಕಾಳಗ ನಡೆಯುವುದು ವಾಡಿಕೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆಯನ್ನು ಬೋಳಿಸಿಕೊಂಡು ಕಣಕ್ಕೆ ಇಳಿಯುತ್ತಾರೆ. ತಿಂಗಳುಗಟ್ಟಲೆ ಸಾಧನೆ ಮಾಡಿದ ಆ ಕಾಳಗವು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವುದೂ ಉಂಟು. ಒಬ್ಬನ ತಲೆಯ ಮೇಲೆ ಮೊದಲ ರಕ್ತಬಿಂದು ಕಾಣಿಸಿದೊಡನೆಯೇ ಹಿರಿಯರು ನಡುವೆ ಬಂದು ಇಬ್ಬರನ್ನೂ ಬೇರ್ಪಡಿಸುತ್ತಾರೆ. ಆಮೇಲೆ ಒಂದು ಏಟಿಗೂ ಅವಕಾಶವಿಲ್ಲ.

ಸ್ಪೇನು ಫ್ರಾನ್ಸುಗಳ ಸಂಯೋಗಕ್ಕೂ ನಮ್ಮ ವಜ್ರಮುಷ್ಟಿಗೂ ಇರುವ ಹೋಲಿಕೆ ಇಲ್ಲಿ ತಿಳಿಯಬರುವುದು. ಒಂದು ಕೈಯಲ್ಲಿ ಆಯುಧ, ಉಳಿದ ಮೈಯೆಲ್ಲ ಬರಿಯ ಮೈ. ಎರಡು ಕಡೆಯೂ ಸಮಸ್ಯೆ ಒಂದೇ. ಅದಕ್ಕೆ ಕಂಡುಕೊಂಡ ಪರಿಹಾರಗಳು ಮಾತ್ರ ಒಂದಕ್ಕೊಂದು ವಿರುದ್ಧವಾದುವು. ಅವರು ಎದುರಾಳಿಯನ್ನು ಕಾಲಿನಿಂದ ದೂರವಿರಿಸಿದರು. ನಮ್ಮ ಜಟ್ಟಿಗಳು ಅವನನ್ನು ಹತ್ತಿರಕ್ಕೆ ಸೆಳೆದುಕೊಂಡರು. ಎಡಗೈಯಿಂದ ಅವನ ಬಲಮಣಿಕಟ್ಟನ್ನು ಹಿಡಿದು, ಕುಸ್ತಿಯ ಪಟ್ಟುಗಳಿಂದ ಅವನನ್ನು ಕಟ್ಟಿಹಾಕಿ, ಆಯುಧಕ್ಕೆ ಬೀಸಲು ಎಡೆಯಿಲ್ಲದಂತೆ ಮಾಡಿದರು. ಅವರದು ಜೋಡು ಮೆಟ್ಟಿ ಕಲ್ಲುಹಾಸಿನ ಬೀದಿಯಲ್ಲಿ ನಡೆದ ವಿದ್ಯೆ. ನಮ್ಮದು ಬರಿಗಾಲಿನಲ್ಲಿ ಹದವಾದ ಮಣ್ಣಿನ ಮೇಲೆ ಬೆಳೆದ ವಿದ್ಯೆ. ಬೀದಿಯ ಕಲ್ಲಿನ ಮೇಲೆ ಬಿದ್ದವನು ಏಳುವುದು ಕಷ್ಟ. ಆದ್ದರಿಂದ ಅಲ್ಲಿ ನಿಂತೇ ಕಾದಿದರು. ಗರಡಿಯ ಮಣ್ಣು ಬಿದ್ದವನನ್ನು ತಾಯಂತೆ ತಾಳಿಕೊಳ್ಳುವುದು; ಆದ್ದರಿಂದ ಇಲ್ಲಿ ಬೀಳುವುದಕ್ಕೂ ಬೀಳಿಸುವುದಕ್ಕೂ ಹೆದರಲಿಲ್ಲ. ನೆಲವು ವಿದ್ಯೆಯನ್ನು ಹೇಗೆ ರೂಪಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಅಂತರದ ಭೇದಕ್ಕಿಂತಲೂ ಮುಖ್ಯವಾದ ಭೇದವು ಮತ್ತೊಂದಿದೆ. ಫ್ರಾನ್ಸಿನ ಒದೆತವು ೧೮೨೫ರಲ್ಲಿ ಬೀದಿಯಿಂದ ಶಾಲೆಗೆ ಬಂದಿತು. ಗುರು, ಕಣ, ನಿಯಮ, ತೀರ್ಪುಗಾರ ಇವು ನಾಲ್ಕೂ ಅದಕ್ಕೆ ದೊರೆತುವು. ಅದು ಹಲವು ದೇಶಗಳಲ್ಲಿ ಹರಡಿ, ಹೆಂಗಸರೂ ಮಕ್ಕಳೂ ಕಲಿಯುವ ಆಟವಾಯಿತು. ಸ್ಪೇನಿನ ಚೂರಿಯು ಬಹುಕಾಲ ಬೀದಿಯಲ್ಲಿಯೇ ಉಳಿಯಿತು. ಅಂಥ ಮನ್ನಣೆ ಅದಕ್ಕೆ ಸಿಕ್ಕಲಿಲ್ಲ. ಇಂದು ಅದನ್ನು ಕಲಿಯುವವರು ಹಳೆಯ ಪುಸ್ತಕದ ಚಿತ್ರಗಳನ್ನು ಆಧರಿಸಿ ಮುರಿದ ಕೊಂಡಿಗಳನ್ನು ಜೋಡಿಸಬೇಕಾಗಿದೆ. ನಮ್ಮ ವಜ್ರಮುಷ್ಟಿಯಾದರೋ ಮೊನೆಯುಳ್ಳ ಆಯುಧವೇ ಆಗಿದ್ದರೂ ಉಳಿದುಕೊಂಡಿತು. ಕಾರಣ ಅದರ ಮೊನೆಯಲ್ಲಿಲ್ಲ; 'ಸಾಕು' ಎನ್ನುವ ಹಿರಿಯನ ಬಾಯಲ್ಲಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನಮ್ಮ ಗಾದೆಯು ಆ ತೊಟ್ಟಿಯಲ್ಲಿ ಕಾರ್ಯರೂಪವಾಗಿ ನಿಂತಿದೆ.

ಮತ್ತೆ ನಮ್ಮ ನಾಲ್ಕು ಸೀಮೆಗಳಿಗೆ ಬರೋಣ. ಹಾನಗಲ್ಲನ್ನು ಶಾಸನಗಳು ವಿರಾಟಕೋಟೆಯೆಂದೂ ವಿರಾಟನಗರಿಯೆಂದೂ ಕರೆದಿವೆ. ಪಾಂಡವರು ಅಜ್ಞಾತವಾಸ ಮಾಡಿದ್ದು ಇಲ್ಲಿಯೇ ಎಂಬುದು ಜನರ ನಂಬಿಕೆ. ಅಡುಗೆಯವನ ವೇಷದಲ್ಲಿದ್ದ ಭೀಮನು ವಿರಾಟನ ಸಭೆಯಲ್ಲಿ ಜೀಮೂತನೆಂಬ ಮಲ್ಲನನ್ನು ಎದುರಿಸಿದ ಕಥೆಯನ್ನು ಈ ಸೀಮೆಯ ಜನರು ಸ್ವಂತ ಊರಿನ ಸಂಗತಿಯಂತೆ ಹೇಳಿಕೊಳ್ಳಬಹುದು. ಭೀಮನಿಗೆ ಆ ದಿನ ಗದೆ ಬೇಕಾಗಲಿಲ್ಲ. ಧಾರವಾಡ, ಹಾವೇರಿಗಳ ಕಡೆಯ ಗರಡಿಮನೆಗಳೂ ಭೀಮನ ಈ ಮಾರ್ಗವನ್ನೇ ಹಿಡಿದುವು. ಆಯುಧದ ವಿದ್ಯೆಯನ್ನು ವೀರಗಲ್ಲಿಗೆ ಬಿಟ್ಟುಕೊಟ್ಟು, ಬರಿಗೈಯ ಕುಸ್ತಿಯನ್ನು ಉಳಿಸಿಕೊಂಡುವು.

ಈ ಕುಸ್ತಿಗೂ ಆಶ್ರಯ ಬೇಕು. ಹಿಂದೆ ಸಂಸ್ಥಾನಗಳು ಅದನ್ನು ಪೋಷಿಸುತ್ತಿದ್ದುವು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ೧೯೧೨ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನವು ಇಂದಿಗೂ ಪೈಲವಾನರ ಯಾತ್ರಾಸ್ಥಳ. ಸವಣೂರು ತಾನೇ ೧೯೪೮ರವರೆಗೆ ನವಾಬರ ಸಂಸ್ಥಾನವಾಗಿತ್ತು. ಸಂಸ್ಥಾನಗಳು ವಿಲೀನವಾದ ಮೇಲೆ ಆ ಹೊಣೆಯು ಊರಿನ ಜಾತ್ರೆಗೂ ಪಂಚರಿಗೂ ಸರಕಾರಕ್ಕೂ ಬಂದಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡನ್ನೂ ಕುಣಿತವನ್ನೂ ಸಂಗ್ರಹಿಸಿದಂತೆಯೇ ಗರಡಿಯ ಪಟ್ಟುಗಳ ಹೆಸರುಗಳನ್ನೂ, ಹೆಜ್ಜೆಗಳ ಕ್ರಮವನ್ನೂ, ಮಣ್ಣನ್ನು ಹದಮಾಡುವ ಬಗೆಯನ್ನೂ ಬಲ್ಲ ಮುದುಕರು ಇರುವಾಗಲೇ ಬರೆದಿಡುವುದು ಇಂಥ ಸಂಸ್ಥೆಗಳಿಗೆ ತಕ್ಕ ಕಾರ್ಯ. ಒಬ್ಬ ಮುದಿ ಉಸ್ತಾದನು ತೀರಿಹೋದರೆ ಸುಡುವ ಕಟ್ಟಿಗೆಯೊಡನೆಯೋ ಹೂಳುವ ಮಣ್ಣಿನೊಡನೆಯೋ ಒಂದು ಗ್ರಂಥವೇ ಹೋದಂತೆ.

ಕೊನೆಗೆ ತರುಣರಿಗೆ ಒಂದು ಮಾತು. ಪರದೇಶದ ವಿದ್ಯೆಯೆಂದು ಸವಾತನ್ನು ಹಳಿಯಬೇಕಾಗಿಲ್ಲ. ಗುರುವು ದೊರೆತರೆ ಕಲಿಯಬಹುದು. ಕುಸ್ತಿಯಲ್ಲಿ ಪಳಗಿದವನಿಗೆ ಕಾಲಿನ ಸಮತೋಲವು ಮೊದಲೇ ಸಿದ್ಧಿಸಿರುವುದರಿಂದ ಅರ್ಧ ದಾರಿ ಸವೆದಂತೆಯೇ. ಚೂರಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಮರದ ಚೂರಿಯಿಂದ ಹೆಜ್ಜೆಯನ್ನೂ ಅಂತರವನ್ನೂ ಕಲಿಯುವುದು ವಿದ್ಯೆ. ಉಕ್ಕಿನ ಚೂರಿಯನ್ನು ಜೇಬಿನಲ್ಲಿಟ್ಟುಕೊಂಡು ಜಾತ್ರೆಗೆ ಹೋಗುವುದು ವಿದ್ಯೆಯಲ್ಲ, ವಿನಾಶ. ಚಿತ್ರವನ್ನು ನೋಡಿ ಏಟನ್ನು ಕಲಿಯಬಹುದು. ನಿಲ್ಲಿಸುವುದನ್ನು ಕಲಿಸಲು ಎದುರಿಗೆ ಗುರುವೇ ಇರಬೇಕು. ನಿಜವಾದ ಚೂರಿ ಎದುರಾದರೆ, ಕಾಲಿನ ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಆ ಕಾಲುಗಳನ್ನು ಬಳಸತಕ್ಕದ್ದು ಅಲ್ಲಿಂದ ದೂರ ಓಡುವುದಕ್ಕೆ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಶಿಗ್ಗಾಂವಿ ಸೀಮೆಯ ಬಾಡ ಗ್ರಾಮದಲ್ಲಿ ಹುಟ್ಟಿದ ತಿಮ್ಮಪ್ಪನಾಯಕನು ಆಯುಧ ಹಿಡಿದ ನಾಯಕನಾಗಿದ್ದು, ಯುದ್ಧದಲ್ಲಿ ಬಲವಾಗಿ ಗಾಯಗೊಂಡು, ಕತ್ತಿಯನ್ನು ಕೆಳಗಿಟ್ಟು ಹರಿದಾಸನಾದನೆಂದು ಜನಶ್ರುತಿ ಹೇಳುತ್ತದೆ. ಅವರೇ ಕನಕದಾಸರು. ಆ ಕತ್ತಿಯ ಏಟುಗಳನ್ನು ಇಂದು ಯಾರೂ ಎಣಿಸುವುದಿಲ್ಲ. ಅದನ್ನು ಇಳಿಸಿದ ಕೈಯನ್ನು ನಾಡೆಲ್ಲ ನೆನೆಯುತ್ತದೆ. ಆಯುಧವನ್ನು ಎತ್ತುವುದಕ್ಕೆ ಬೇಕಾದ ಬಲವು ಗರಡಿಯಲ್ಲಿ ಕೆಲವು ವರ್ಷಗಳಲ್ಲಿ ಬರುತ್ತದೆ. ಅದನ್ನು ಇಳಿಸುವುದಕ್ಕೆ ಬೇಕಾದ ಬಲವನ್ನೂ ಅದೇ ಗರಡಿಯಲ್ಲಿ, ಅದೇ ಗುರುವಿನ ಬಳಿ ಸಂಪಾದಿಸಿಕೊಂಡವನೇ ಪೂರ್ಣನಾದ ಮಲ್ಲನು.